ಒಂಬತ್ತಕ್ಕೆ ಬರುವ ದಾರಿ

ರಂಗಂಪೇಟೆ
10 ಜೂನ್ 2024

ವಿಶ್ವರಾಧ್ಯನಿಗೆ,

ಕ್ಷೇಮ ಸಮಾಚಾರ ಕೇಳುವಷ್ಟು ಸಲಿಗೆ ನಮ್ಮಿಬ್ಬರಲ್ಲಿ ಉಳಿದಿಲ್ಲ. ಹಾಗಾಗಿ ನೇರ ಕೆಲಸದ ಮಾತಿಗೆ ಬರುತ್ತೇನೆ.

ನನ್ನ ಎಡಗಿವಿ ಹೋಗಿದೆ. ಬಲಗಿವಿ ಹೋಗುತ್ತಾ ಇದೆ. ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಸ್ಪೀಕರ್ ಡಬ್ಬಿಯ ಮಗ್ಗುಲಿಗೇ ನಿಂತಿದ್ದರ ಫಲ ಎಂದು ಕಲಬುರಗಿಯ ಡಾಕ್ಟರು ಹೇಳಿದರು. ಬಲಗಿವಿ ಈ ವರ್ಷ ದಾಟಿದರೆ ಹೆಚ್ಚು ಎಂದೂ ಅಂದರು. ಕಿವಿಗೊಂದು ಮಷೀನು ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ನನ್ನ ವೈಂಡಿಂಗ್ ಅಂಗಡಿಯ ಮೋಟರು, ಬೀದಿಯ ಆಟೊ, ಮನೆಯವರ ಬೈಗುಳ ಎಲ್ಲವೂ ಒಂದೇ ಶ್ರುತಿಯಲ್ಲಿ ಕೇಳುತ್ತವೆ. ತೆಗೆದಿಟ್ಟಿದ್ದೇನೆ.

ಗಿಟಾರಿನ ದನಿ ಬರುವ ಕೀಬೋರ್ಡು ತಂದು ನೀನು ನನ್ನನ್ನು ಆರ್ಕೆಸ್ಟ್ರಾದಿಂದ ಬಿಡಿಸಿದ ಮೇಲೆ ನನ್ನ ಗಿಟಾರು ಗೋಡೆಯ ಮೊಳೆಗೆ ತೂಗಾಡುತ್ತಿತ್ತು. ಈ ಬೇಸಿಗೆಯಲ್ಲಿ ಇಳಿಸಿದೆ. ಕಿವಿ ಇರುವಾಗಲೇ ಗಿಟಾರಿಗೆ ಸ್ವಂತದ್ದೊಂದು ಪದ ಮಾಡಬೇಕು ಅನ್ನಿಸಿತು. ಮಾಡಿದ್ದೇನೆ. ನಮ್ಮವ್ವ ಅಂಬವ್ವ ಸಂಜೆ ಹೊಲದ ಬದುವಿಗೆ ನಿಂತು ಕುರಿ ಕರೆಯುತ್ತಿದ್ದ ಕೂಗಿನಿಂದ ಹುಟ್ಟಿದ್ದು ಅದು.

ನನ್ನ ಮಗಳು ಸೌಭಾಗ್ಯ ನಿನಗೆ ಗೊತ್ತು. ಈಗ ಶಹಾಪುರದಲ್ಲಿ ಶಾಲೆಯ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಗಿಟಾರು ಚೆನ್ನಾಗಿ ನುಡಿಸುತ್ತಾಳೆ, ಆದರೆ ಕಾಗದ ನೋಡಿಯೇ ನುಡಿಸಬೇಕು. ನಾನು ಕಲಿಸುತ್ತೇನೆ ಎಂದರೆ, "ನೀ ಕಲಸಾಕ ಬಂದ್ರ ಬರೇ ಬೈತಿ ಅಪ್ಪಾ. ಬರದು ಕೊಡು, ನೋಡಿ ನುಡಸ್ತೇನಿ" ಅನ್ನುತ್ತಾಳೆ. ಅದೂ ಖರೆ. ಈಗಂತೂ ಅವಳು ಎಲ್ಲಿ ತಪ್ಪಿದಳು ಎಂದು ಹಿಡಿಯಲು ನನಗೆ ಕಿವಿಯಿಲ್ಲ.

ನಮ್ಮ ಡ್ರಮ್ಮಿನ ಖಾಜಾಹುಸೇನ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಯಾವ ತಂತಿ, ಎಲ್ಲಿ ಬೆರಳು ಎಂದು ತೋರಿಸುವ ಗಿಟಾರಿನ ಟ್ಯಾಬ್ ಬರೆಯುವ ಸಾಫ್ಟ್‌ವೇರು ನಿನ್ನ ಹತ್ತಿರ ಇದೆ ಎಂದ. ಇದರ ಜೊತೆ ಮೆಮೊರಿ ಕಾರ್ಡು ಇಟ್ಟಿದ್ದೇನೆ. ಕೇಳಿ ಬರೆದುಕೊಡು. ಬಲಗಿವಿ ಇರುವುದರೊಳಗೆ ನಾನು ಇದನ್ನು ಅವಳ ಕೈಯಲ್ಲಿ ಒಂದು ಸಲ ಕೇಳಬೇಕು. ಬೇರೇನೂ ಬೇಡ.

ರೆಕಾರ್ಡನ್ನು ಅವಳಿಗೆ ಕೊಡಬೇಡ. ಕೇಳಿ ನುಡಿಸಿದರೆ ಅದು ನನ್ನ ನಕಲು. ಓದಿ ನುಡಿಸಿದರೆ ಅವಳದು. ಫೋನ್ ಮಾಡಬೇಡ, ಕೇಳುವುದಿಲ್ಲ. ಮನೆಗೂ ಬರಬೇಡ.

— ಬೀರಣ್ಣ


ಯಾದಗಿರಿ
28 ಜೂನ್ 2024

ಪ್ರಿಯ ಬೀರಣ್ಣ,

ಕಿವಿಯ ಸುದ್ದಿ ಓದಿ ಬಹಳ ಸಂಕಟವಾಯಿತು. ಇದನ್ನು ಖಾಜಾ ನನಗೆ ಹೇಳಿರಲಿಲ್ಲ. ಬರಬೇಡ ಎಂದಿದ್ದೀಯ, ಬರುವುದಿಲ್ಲ. ಆದರೆ ನಿನ್ನನ್ನು ಬಿಡಿಸಿದ್ದು ನಾನಲ್ಲ. ಮದುವೆ ಮನೆಯವರು ಕಡಿಮೆ ಜನ, ಹೆಚ್ಚು ಸದ್ದು ಕೇಳಿದರು. ಇಬ್ಬರ ಕೆಲಸವನ್ನು ಕೀಬೋರ್ಡು ಮಾಡಿತು. ಇದನ್ನು ಎಷ್ಟು ಸಲ ಹೇಳಿದರೂ ನಿನ್ನ ತಲೆಗೆ ಹೋಗಿಲ್ಲ, ಇನ್ನು ಹೋಗುವ ಭರವಸೆಯೂ ಇಲ್ಲ.

ಪದ ಚೆನ್ನಾಗಿದೆ. ರೆಕಾರ್ಡಿನ ಹಿನ್ನೆಲೆಯಲ್ಲಿ ನಿನ್ನ ಅಂಗಡಿಯ ಗ್ರೈಂಡರ್ ಕೂಡ ತಾಳ ಹಾಕಿದೆ. ಅದರ ಸದ್ದಿನಿಂದ ಗಿಟಾರನ್ನು ಹೆಕ್ಕಿ ತೆಗೆಯುವಷ್ಟರಲ್ಲಿ ನನ್ನ ತಲೆ ಗಿರ್ ಎಂದಿತು.

ಟ್ಯಾಬ್ ಓದುವುದು ನಿನಗೂ ಸ್ವಲ್ಪ ಗೊತ್ತಿರಲಿ. ಆರು ಗೆರೆ ಎಂದರೆ ಆರು ತಂತಿ. ನೀನು ಗಿಟಾರು ಹಿಡಿದು ಬಗ್ಗಿ ನೋಡಿದಂತೆ ಅಲ್ಲ. ಇಲ್ಲಿ ಸಣ್ಣ ತಂತಿ ಮೇಲೆ, ದಪ್ಪ ತಂತಿ ಕೆಳಗೆ. ಗೆರೆಯ ಮೇಲಿನ ಅಂಕಿ ಎಂದರೆ ಗಿಟಾರಿನ ಕತ್ತಿನ ಎಷ್ಟನೇ ಮನೆಯಲ್ಲಿ ಬೆರಳಿಡಬೇಕು ಎನ್ನುವುದು. ನಿನ್ನ ಪದದ ಜೀವ ಇರುವುದು ಒಂಬತ್ತನೇ ಮನೆಯಲ್ಲಿ. ಅಲ್ಲಿಗೆ ನೀನು ಪ್ರತಿ ಸಲ ಬೆರಳನ್ನು ಕೆಳಗಿನ ಸ್ವರದ ಮನೆಗಳಿಂದ ತಂತಿಯ ಮೇಲೆ ಸರಿಸಿಕೊಂಡೇ ಬರುತ್ತೀಯ. ಅದನ್ನು ಬರೆಯಲು ಸಾಫ್ಟ್‌ವೇರಿಗೆ ಎರಡು ಅಂಕಿ ಬೇಕು, ಹೊರಟಿದ್ದೊಂದು, ತಲುಪಿದ್ದೊಂದು. ಎರಡನ್ನೂ ಆರಿಸಿ ಒಂದು ಕೀ ಒತ್ತಿದರೆ ನಡುವೆ ಓರೆ ಗೆರೆ ಎಳೆದುಕೊಡುತ್ತದೆ. ನಾನು 5 ಹಾಕಿ, ಓರೆ ಗೆರೆ ಎಳೆದು, 9 ಹಾಕಿದ್ದೇನೆ.

ಪ್ರಿಂಟು ಕಳಿಸಿದ್ದೇನೆ. ತಪ್ಪಿದ್ದರೆ ಪೆನ್ನಿನಲ್ಲಿ ತಿದ್ದಿ, ಹೇಗೂ ನಮ್ಮ ಎರಡೂ ಊರಿಗೆ ಓಡಾಡುವ ಖಾಜಾನ ಕೈಗೆ ಕೊಡು. ಮೊಬೈಲಿಗೆ ಮೆಸೇಜ್ ಹಾಕೋಣವೆಂದರೆ ನಾನು ಪುಟಗಟ್ಟಲೆ ಬರೆದದ್ದಕ್ಕೆ ನೀನು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಮುಗಿಸುತ್ತೀಯ.

ನಿನ್ನ
ವಿಶ್ವರಾಧ್ಯ


ರಂಗಂಪೇಟೆ
9 ಜುಲೈ 2024

ವಿಶ್ವರಾಧ್ಯನಿಗೆ,

ಪ್ರಿಂಟಿನ ತುಂಬ ಕೆಂಪು ಪೆನ್ನು ಆಡಿಸಿದ್ದೇನೆ. ಬೇಜಾರಾದರೆ ಆಗಲಿ.

ನೀನು ಎರಡು ಸ್ವರ ಬರೆದಿದ್ದೀಯ. ನನ್ನದು ಒಂದೇ ಸ್ವರ. ಐದು ಎಂದು ಬರೆದರೆ ಸೌಭಾಗ್ಯ ಐದನ್ನು ಠಣ್ಣನೆ ಮೀಟುತ್ತಾಳೆ, ಆಮೇಲೆ ಒಂಬತ್ತಕ್ಕೆ ಹೋಗುತ್ತಾಳೆ. ನಾನು ಐದನ್ನು ಮೀಟುವುದೇ ಇಲ್ಲ. ನನ್ನ ಒಂಬತ್ತು ದೂರದಿಂದ ಬರುತ್ತದೆ, ಅಷ್ಟೇ. ನಮ್ಮವ್ವ ಕೂಗುವಾಗ ದನಿ ಎಲ್ಲಿ ಹುಟ್ಟಿತು ಎಂದು ಕುರಿಗೂ ಗೊತ್ತಾಗುತ್ತಿರಲಿಲ್ಲ. ಬಂದು ನಿಂತದ್ದಷ್ಟೇ ಗೊತ್ತಾಗುತ್ತಿತ್ತು.

ಐದು ಎಂದು ನಿನಗೆ ಹೇಳಿದವರು ಯಾರು? ಒಮ್ಮೆ ಐದು, ಒಮ್ಮೆ ನಾಲ್ಕು, ಒಮ್ಮೆ ನನಗೇ ಗೊತ್ತಿರುವುದಿಲ್ಲ. ಕೀಬೋರ್ಡು ಬಾರಿಸುವವರಿಗೆ ಎಲ್ಲವೂ ಒಂದೊಂದು ಗುಂಡಿ. ಗುಂಡಿ ಗುಂಡಿಯ ನಡುವೆ ಏನೂ ಇಲ್ಲ ಎಂದುಕೊಂಡಿದ್ದೀರಿ.

ಮತ್ತೆ ಮಾಡು. ಬೇಗ ಮಾಡು.

— ಬೀರಣ್ಣ


ಯಾದಗಿರಿ
2 ಆಗಸ್ಟ್ 2024

ಪ್ರಿಯ ಬೀರಣ್ಣ,

ನಿನ್ನ ಕೆಂಪು ಪೆನ್ನಿನ ಮಸಿ ಪ್ರಿಂಟಿನ ಹಿಂಬದಿಗೂ ಇಳಿದಿದೆ. ಅಷ್ಟು ಒತ್ತಿ ಬರೆಯುವಂಥದ್ದು ನಾನೇನು ಮಾಡಿದೆ?

ಕಳೆದ ತಿಂಗಳು ನಾನು ಪಟ್ಟ ಪಾಡು ಹೇಳುತ್ತೇನೆ. ಮೊದಲು ಐದನ್ನು ಸಣ್ಣ ಅಂಕಿಯಾಗಿ ಮಾಡಿದೆ, ಮೀಟದೆ ಮುಟ್ಟಿ ಹೋಗುವ ಸ್ವರ ಎನ್ನುವ ಗುರುತಿಗೆ. ಆ ಸಾಲಿನ ತಾಳ ಉಕ್ಕಿ ಮುಂದಿನ ಸಾಲಿಗೆ ಚೆಲ್ಲಿತು. ತಾಳ ಸರಿ ಮಾಡಿದರೆ ಓರೆ ಗೆರೆ ಮಾಯ. ಓರೆ ಗೆರೆ ತಂದರೆ ಅದು ಪಕ್ಕದ ತಂತಿಗೆ ಹಾರಿ ಕೂತಿತು. ಅಷ್ಟರಲ್ಲಿ ಕರೆಂಟು ಹೋಯಿತು. ಉಳಿಸಿಕೊಂಡಿರಲಿಲ್ಲ. ನನ್ನ ಹೆಂಡತಿ ಗುರುದೇವಿ ಬಾಗಿಲಲ್ಲಿ ನಿಂತು, "ಆ ಪೆಟ್ಟಗಿಗ್ಯಾಕ ಬೈಯಾಕತ್ತೀರಿ? ಅದಕ್ಕೂ ಕಿವಿ ಇಲ್ಲ" ಅಂದಳು. ಆಡಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಕೊನೆಗೆ ಚಿಹ್ನೆಗಳ ಪಟ್ಟಿಯಲ್ಲಿ ಒಂದು ಸಿಕ್ಕಿತು. ಹೊರಡುವ ಅಂಕಿಯೇ ಬೇಡ. ಒಂಬತ್ತರ ಎಡಕ್ಕೆ ಕೆಳಗಿನಿಂದ ಮೇಲಕ್ಕೆ ಒಂದು ಚಿಕ್ಕ ಓರೆ ಗೆರೆ. ಎಲ್ಲಿಂದಲೋ ಬಂದೆ, ಒಂಬತ್ತಕ್ಕೆ ನಿಂತೆ ಎಂದು ಅರ್ಥ. ನೀನು ಕೇಳಿದ್ದು ಇದನ್ನೇ ಅಲ್ಲವೇ? ಇನ್ನೂ ತಕರಾರು ತೆಗೆದರೆ ನಾನು ಸನ್ಯಾಸ ತೆಗೆದುಕೊಳ್ಳುತ್ತೇನೆ.

ಕಿವಿ ಹೇಗಿದೆ? ಅದನ್ನು ನೀನು ಬರೆಯುವುದೇ ಇಲ್ಲ.

ನಿನ್ನ
ವಿಶ್ವರಾಧ್ಯ


ರಂಗಂಪೇಟೆ
21 ಆಗಸ್ಟ್ 2024

ವಿಶ್ವರಾಧ್ಯನಿಗೆ,

ಸನ್ಯಾಸ ತೆಗೆದುಕೊ.

ನಿನ್ನ ಪ್ರಿಂಟರಿನಲ್ಲಿ ಆ ಚಿಕ್ಕ ಗೆರೆ ಒಂಬತ್ತಕ್ಕೆ ಅಂಟಿಕೊಂಡಿದೆ. ನೋಡಿದರೆ 19 ಎಂದು ಕಾಣುತ್ತದೆ. ಪುಟದ ತುಂಬ ಹತ್ತೊಂಬತ್ತು. ನನ್ನ ಗಿಟಾರಿನಲ್ಲಿ ಹತ್ತೊಂಬತ್ತನೇ ಮನೆಗೆ ಕೈ ಹೋಗುವುದಿಲ್ಲ, ಅಲ್ಲಿಗೆ ಮರವೇ ಅಡ್ಡ ಬರುತ್ತದೆ. ನನಗೇ ಹಾಗೆ ಕಂಡರೆ ಅವಳಿಗೆ ಹೇಗೆ ಕಾಣಬೇಡ?

ಗೆರೆಗಳೇ ಬೇಡ. ಎಲ್ಲ ಅಳಿಸಿಬಿಡು. ನಾವು ಕನ್ನಡದವರು, ಒಂಬತ್ತರ ತಲೆಯ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ "ಜಾರು" ಎಂದು ಬರೆ. ಆರ್ಕೆಸ್ಟ್ರಾದಲ್ಲಿ ನಾವು ಅದನ್ನು ಹಾಗೇ ಕರೆಯುತ್ತಿದ್ದೆವು. ಓದು ಬಂದ ಯಾರಿಗಾದರೂ ತಿಳಿಯುತ್ತದೆ.

ಕಿವಿಯ ಬಗ್ಗೆ ಕೇಳಿದೆಯಲ್ಲ. ಸುರಪುರದ ಬಸ್ಸಿನ ಹಾರ್ನು ಕೇಳುತ್ತದೆ. ಕಂಡಕ್ಟರನ ಸೀಟಿ ಕೇಳುವುದಿಲ್ಲ. ಸಣ್ಣ ತಂತಿಗಳ ದನಿ ಹೋಗಿಯೇ ಬಿಟ್ಟಿತು. ದಪ್ಪ ತಂತಿಗಳು ಗಿಟಾರಿನ ಹೊಟ್ಟೆಗೆ ಕಿವಿ ಹಚ್ಚಿದರೆ ಕೇಳುತ್ತವೆ. ಪದವನ್ನು ದಪ್ಪ ತಂತಿಯಲ್ಲೇ ಯಾಕೆ ಮಾಡಿದೆ ಎಂದು ಈಗ ನಿನಗೆ ತಿಳಿದಿರಬೇಕು.

— ಬೀರಣ್ಣ


ಯಾದಗಿರಿ
6 ಅಕ್ಟೋಬರ್ 2024

ಪ್ರಿಯ ಬೀರಣ್ಣ,

ತಡವಾಯಿತು. ಬೈಯಬೇಡ, ಮೊದಲು ಕೇಳು. ನಿನ್ನ ಕನ್ನಡವನ್ನು ಆ ಸಾಫ್ಟ್‌ವೇರು ಒಪ್ಪಲಿಲ್ಲ. "ಜಾರು" ಎಂದು ಒತ್ತಿದರೆ "ಜ" ಒಂದು ಕಡೆ, ದೀರ್ಘ ಒಂದು ಕಡೆ, "ರು" ಪುಟದಾಚೆ. ಬೇರೆ ಅಕ್ಷರಮಾದರಿ ಹಾಕಿದೆ, ಚೌಕ ಚೌಕ ಡಬ್ಬಿಗಳು ಬಂದವು. ಬೇರೆ ಬೇರೆ ಅಕ್ಷರ ಹಾಕಿ ನೋಡುವುದರಲ್ಲೇ ಸೆಪ್ಟೆಂಬರ್ ಹೋಯಿತು. ಈಗ ಕೂತಿದೆ. ಪ್ರತಿ ಒಂಬತ್ತರ ಮೇಲೂ ಅಚ್ಚುಕಟ್ಟಾಗಿ "ಜಾರು".

ಒಂದು ಪ್ರತಿ ನಿನಗೆ. ನೋಡಿ ಒಪ್ಪಿದರೆ ಖಾಜಾನಿಗೆ ಹೇಳು, ಸೌಭಾಗ್ಯಳ ಪ್ರತಿ ಅವನ ಹತ್ತಿರವೇ ಇಟ್ಟಿದ್ದೇನೆ. ರೆಕಾರ್ಡು ಕೊಟ್ಟಿಲ್ಲ.

ಅವಳು ನುಡಿಸುವ ದಿನ ನಾನೂ ಒಂದು ಮೂಲೆಯಲ್ಲಿ ಕೂತು ಕೇಳಿದರೆ ನಿನಗೇನು ನಷ್ಟ? ಉತ್ತರ ಗೊತ್ತಿದ್ದೇ ಕೇಳುತ್ತಿದ್ದೇನೆ.

ನಿನ್ನ
ವಿಶ್ವರಾಧ್ಯ


ರಂಗಂಪೇಟೆ
14 ಅಕ್ಟೋಬರ್ 2024

ವಿಶ್ವರಾಧ್ಯನಿಗೆ,

ನೋಡಿದೆ. ಈಗ ಸರಿಯಿದೆ. ಖಾಜಾನಿಗೆ ಹೇಳಿದ್ದೇನೆ.

ನೀನು ಬರುವುದು ಬೇಡ.

— ಬೀರಣ್ಣ


ರಂಗಂಪೇಟೆ
11 ನವೆಂಬರ್ 2024

ವಿಶ್ವರಾಧ್ಯ,

ನಿನ್ನೆ ಅವಳು ನುಡಿಸಿದಳು. ನೀನು ಏನು ಬರೆದುಕೊಟ್ಟೆಯೋ ನಿನ್ನ ಮನಸ್ಸಿಗೇ ಗೊತ್ತು. ಅಂದು ನೀನು ನನ್ನ ಗಿಟಾರಿನ ಕೆಲಸ ಕಿತ್ತುಕೊಂಡೆ, ಇಂದು ನಮ್ಮವ್ವನ ಕೂಗನ್ನು ತಲೆಕೆಳಗು ಮಾಡಿದೆ. ಇನ್ನು ಬರೆಯಬೇಡ.

— ಬೀರಣ್ಣ


ಶಹಾಪುರ
18 ನವೆಂಬರ್ 2024

ವಿಶ್ವರಾಧ್ಯ ಕಾಕಾ ಅವರಿಗೆ ಸೌಭಾಗ್ಯಳ ನಮಸ್ಕಾರಗಳು.

ಅಪ್ಪ ನಿಮಗೆ ಏನೋ ಕೆಟ್ಟದಾಗಿ ಬರೆದಿದ್ದಾರೆ ಎಂದು ಖಾಜಾ ಕಾಕಾ ಹೇಳಿದರು. ನಡೆದದ್ದನ್ನು ನಾನೇ ತಿಳಿಸಬೇಕು.

ದೀಪಾವಳಿ ರಜೆಯ ಆಮೇಲಿನ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ಅಂಗಡಿಯ ಶಟರ್ ಎಳೆದು, ಮೋಟರುಗಳನ್ನೆಲ್ಲ ಬಂದ್ ಮಾಡಿ, ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿದರು. ತಾವು ಕೆಳಗೆ ನೆಲಕ್ಕೆ ಕೂತು ಬಲಗಿವಿಯನ್ನು ಗಿಟಾರಿನ ಮರಕ್ಕೆ ಹಚ್ಚಿ ಕಣ್ಣು ಮುಚ್ಚಿದರು. ನಾನು ಮೂರು ವಾರ ಅಭ್ಯಾಸ ಮಾಡಿದ್ದೆ ಕಾಕಾ. ಕಾಗದದಲ್ಲಿ ಇದ್ದಂತೆಯೇ ನುಡಿಸಿದೆ. ಒಂಬತ್ತು ಮೀಟಿ, ಕೆಳಗೆ ಜಾರಿದೆ. ಪ್ರತಿಯೊಂದು ಕಡೆಯೂ.

ಅರ್ಧಕ್ಕೇ ಅಪ್ಪ ತಂತಿಗಳ ಮೇಲೆ ಅಂಗೈ ಇಟ್ಟುಬಿಟ್ಟರು. "ಯಾರ ಮನ್ಯಾಗಿನ ಅಳು ಇದು? ನಮ್ಮವ್ವ ಕುರಿ ಕರೀತಿದ್ಲು. ನೀ ಹೆಣದ ಮುಂದ ಕುಂತೋರಂಗ ನುಡಸಾಕತ್ತಿ!" ಅಂದರು. "ಜಾರು ಅಂತ ಬರದೈತಲ್ಲಪ್ಪಾ, ಅದಕ್ಕ ಜಾರೇನಿ" ಅಂದೆ. ನನ್ನ ಮಾತು ಅವರಿಗೆ ಕೇಳಿಸಲಿಲ್ಲ. ಕಾಗದದಲ್ಲಿ "ಜಾರು" ಎಂದಿದ್ದ ಕಡೆ ಬೆರಳಿಟ್ಟು, ಆಮೇಲೆ ತಂತಿಯ ಮೇಲೆ ಕೆಳಗಿನ ಮನೆಗಳ ಕಡೆಗೆ ಬೆರಳು ಎಳೆದು ತೋರಿಸಿದೆ. ಅವರು ಆ ಕಾಗದವನ್ನೇ ನೋಡುತ್ತ ಕೂತರು. ಶಟರ್ ಎತ್ತಿ ಹೊರಗೆ ಹೋದರು. ನಿಮಗೆ ಬಂದ ಪತ್ರ ಅವರು ಆ ಸಿಟ್ಟಿನಲ್ಲಿ ಬರೆದದ್ದು.

ಮರುದಿನ ನನ್ನ ಕ್ಲಾಸಿನಲ್ಲಿ ಮಕ್ಕಳಿಗೆ ಕೇಳಿದೆ, "ಜಾರೋದು ಅಂದ್ರ ಯಾ ಕಡಿಗಿ? ಕೈ ಮಾಡಿ ತೋರಸ್ರಿ" ಎಂದು. ಎಲ್ಲರ ಕೈಯೂ ನೆಲ ತೋರಿಸಿತು. ಒಬ್ಬಳು ಎದ್ದು, "ಮ್ಯಾಲಕ್ಕ ಹೆಂಗ ಜಾರ್ತಾರ್ರಿ ಟೀಚರ್?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ನೀವು ಆರ್ಕೆಸ್ಟ್ರಾದವರು ಎರಡೂ ಕಡೆಗೆ ಜಾರು ಅನ್ನುತ್ತೀರಿ. ನಮಗೆ ಜಾರುವುದು ಕೆಳಕ್ಕೇ ಕಾಕಾ.

ಅಪ್ಪನಿಗೆ ತಪ್ಪು ತಿಳಿದಿದೆ, ಒಪ್ಪಿಕೊಳ್ಳಲು ಬರುತ್ತಿಲ್ಲ. ನೀವು ಮತ್ತೊಮ್ಮೆ ಬರೆದುಕೊಡುತ್ತೀರಾ? ಬೇಗ ಬೇಕು. ನಾನು ನುಡಿಸುವಾಗ ಅವರು ಕಿವಿಯನ್ನು ಎಷ್ಟು ಒತ್ತಿ ಹಿಡಿದಿದ್ದರೆಂದರೆ ಕೆನ್ನೆಯ ಮೇಲೆ ಗಿಟಾರಿನ ಅಂಚಿನ ಗುರುತು ಮೂಡಿತ್ತು.

ತಮ್ಮ
ಸೌಭಾಗ್ಯ


ಯಾದಗಿರಿ
25 ನವೆಂಬರ್ 2024

ಪ್ರಿಯ ಬೀರಣ್ಣ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ಓದದೆ ಹರಿದುಹಾಕುವುದಾದರೆ ಪ್ರಿಂಟನ್ನಾದರೂ ತೆಗೆದಿಟ್ಟುಕೊಂಡು ಹರಿ.

"ಜಾರು" ನಿನ್ನ ಮಾತು. ನಾನು ಹಟ ಹಿಡಿದು ಕೂರಿಸಿದ್ದು ನಿನ್ನ ಮಾತನ್ನು. ನನ್ನ ಓರೆ ಗೆರೆ ಮೇಲಕ್ಕೇ ಹೋಗುತ್ತಿತ್ತು, ಅದನ್ನು ಅಳಿಸು ಎಂದವನು ನೀನು. ಸರಿಯಿದೆ ಎಂದು ಒಪ್ಪಿಗೆ ಕೊಟ್ಟವನೂ ನೀನು. ಅಷ್ಟಾದರೂ ನಾನು ಬೇಕೆಂದೇ ಮಾಡಿದೆ ಎಂದು ಬರೆಯುತ್ತೀಯ. ಬೀರಣ್ಣ, ನನಗೆ ನಿನ್ನ ಮೇಲೆ ಬಂದಿರುವ ಸಿಟ್ಟು ಯಾವ ಸಾಫ್ಟ್‌ವೇರಿನಲ್ಲೂ ಬರೆಯಲು ಬರುವಂಥದ್ದಲ್ಲ. ಜೊತೆಗೆ ಅಳುವೂ ಬರುತ್ತದೆ, ಅದು ಬೇರೆ ಮಾತು.

ಈಗ ಹೀಗೆ ಮಾಡಿದ್ದೇನೆ. ಓರೆ ಗೆರೆಯನ್ನು ಮತ್ತೆ ತಂದಿದ್ದೇನೆ. ಅದು ಒಂಬತ್ತಕ್ಕೆ ಅಂಟದಂತೆ ಒಂದೊಂದನ್ನೂ ಮೌಸಿನಿಂದ ಎಳೆದು ದೂರ ಇಟ್ಟಿದ್ದೇನೆ. ಜಾರು ತೆಗೆದು "ಏರಿ ಮುಟ್ಟು" ಎಂದು ಹಾಕಿದ್ದೇನೆ. ಪುಟದ ಕೆಳಗೆ, "ಎಲ್ಲಿಂದ ಹೊರಡಬೇಕು ಎನ್ನುವುದು ನುಡಿಸುವವರಿಗೆ ಬಿಟ್ಟದ್ದು" ಎಂಬ ಸಾಲೂ ಇದೆ. ಇಷ್ಟಕ್ಕೆ ನಮಗೆ ಮಳೆಗಾಲ ದಾಟಿ ಚಳಿಗಾಲ ಬೇಕಾಯಿತು.

ಮಗಳನ್ನು ಈ ವಾರವೇ ಕರೆಸಿಕೊ. ನನ್ನ ಮೇಲಿನ ಸಿಟ್ಟನ್ನು ಆಮೇಲೆ ಮುಂದುವರಿಸು, ನಾನು ಇಲ್ಲೇ ಇರುತ್ತೇನೆ.

ನಿನ್ನ
ವಿಶ್ವರಾಧ್ಯ


ಯಾದಗಿರಿ
20 ಡಿಸೆಂಬರ್ 2024

ಬೀರಣ್ಣ,

ಉತ್ತರವಿಲ್ಲ. ಕವರು ನಿನ್ನ ಕೈಗೇ ಕೊಟ್ಟೆ ಎಂದು ಖಾಜಾ ಆಣೆ ಮಾಡುತ್ತಾನೆ. ಸೌಭಾಗ್ಯಳಿಗೆ ಫೋನ್ ಮಾಡಿದೆ. ಅವಳ ಪ್ರತಿ ಸಿಕ್ಕಿದೆಯಂತೆ, ಅಭ್ಯಾಸವೂ ಆಗಿದೆಯಂತೆ, ಆದರೆ ಬರುತ್ತೇನೆ ಎಂದಾಗಲೆಲ್ಲ ನೀನು ಈಗ ಬೇಡ, ಈಗ ಬೇಡ ಎಂದು ಮೆಸೇಜ್ ಹಾಕುತ್ತಿದ್ದೀಯಂತೆ. ಯಾರ ಮೇಲಿನ ಹಟಕ್ಕೆ?

ನನ್ನ ಮೇಲಿನ ಹಟಕ್ಕೇ ಆಗಿದ್ದರೆ, ದಯವಿಟ್ಟು ಬಿಡು ಮಾರಾಯ.

ವಿಶ್ವರಾಧ್ಯ


ರಂಗಂಪೇಟೆ
16 ಜನವರಿ 2025

ವಿಶ್ವರಾಧ್ಯನಿಗೆ,

ಸಂಕ್ರಾಂತಿಗೆ ಸೌಭಾಗ್ಯ ಬಂದಿದ್ದಳು. ನಾನು ಕರೆದಿರಲಿಲ್ಲ, ಅವಳೇ ಬಂದಳು. ನುಡಿಸಿದಳು.

ನನಗೆ ಕೇಳಿಸಲಿಲ್ಲ.

ಬಲಗಿವಿ ಹೊಸ ವರ್ಷದ ಹೊತ್ತಿಗೇ ಹೋಗಿತ್ತು. ಒಂದು ಬೆಳಿಗ್ಗೆ ಮೋಟರು ಚಾಲೂ ಮಾಡಿದೆ, ಸದ್ದು ಬರಲಿಲ್ಲ, ಕೆಟ್ಟಿದೆ ಎಂದು ಬಿಚ್ಚಲು ಹೋಗಿ ಬೆರಳು ಸುಟ್ಟುಕೊಂಡೆ. ಅದು ಓಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಅವಳನ್ನು ಕರೆಸಿಕೊಂಡಿದ್ದರೆ ಕೇಳುತ್ತಿತ್ತು. ಅವಳು ಮತ್ತೆ ತಪ್ಪಾಗಿ ನುಡಿಸಿದರೆ ಎಂದು ಹೆದರಿ ಕೂತೆ. ಆ "ಜಾರು" ನನ್ನದೇ ಮಾತು ಎಂದು ಅವಳ ಮುಂದೆ, ನಿನ್ನ ಮುಂದೆ ಒಪ್ಪಿಕೊಳ್ಳುವುದೂ ಇತ್ತು. ಎರಡರ ನಡುವೆ ಕಿವಿ ಹೋಯಿತು. ನನ್ನ ಹಣೆಬರಹಕ್ಕೆ ಬೈದರೂ ಅದು ನನಗೆ ಕೇಳುವುದಿಲ್ಲ.

ಕೇಳದಿದ್ದರೂ ಎದುರಿಗೆ ಕೂತು ಅವಳ ಬೆರಳು ನೋಡಿದೆ. ಮೊದಲ ಸಲ ಐದರ ಹತ್ತಿರದಿಂದ ಹೊರಟಿತು. ಆಮೇಲೆ ಮೂರರಿಂದ. ಒಂದು ಸಲವಂತೂ ಎಲ್ಲಿಂದ ಎದ್ದಿತೋ ನನಗೆ ಕಾಣಲಿಲ್ಲ, ನೋಡುವಷ್ಟರಲ್ಲಿ ಒಂಬತ್ತಕ್ಕೆ ಬಂದು ನಿಂತಿತ್ತು. ಪ್ರತಿ ಸಲ ಬೇರೆ ದಾರಿ. ನಾನು ಕಲಿಸಿದ್ದಲ್ಲ, ನೀನು ಬರೆದದ್ದೂ ಅಲ್ಲ. ಹಾಗಾದರೆ ಕಾಗದ ಸರಿಯಾಗಿದೆ ಎಂದು ಲೆಕ್ಕ. ಮುಗಿದ ಮೇಲೆ ಅವಳು ನನ್ನ ಮುಖ ನೋಡಿದಳು. "ಚಲೋ ಆತು" ಅಂದೆ. ಅವಳು ನನ್ನ ಮುಖವನ್ನೇ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಿಟಾರು ಕೆಳಗಿಟ್ಟು ಅತ್ತಳು.

ಸಂಕಟವೆಲ್ಲ ಒಂದೇ. ಕೊನೆಗೆ ನನ್ನ ಕಿವಿಗೆ ಬಿದ್ದದ್ದು ನವೆಂಬರಿನ ಆ ಇಳಿದುಹೋಗುವ ಪದ. ಈಗ ಹೊಸದೇನೂ ಒಳಗೆ ಬರುವಂತಿಲ್ಲ, ಅದೇ ಕೂತಿದೆ. ಅವಳ ಬೆರಳು ಏರುವುದನ್ನು ಕಣ್ಣಾರೆ ಕಾಣುತ್ತೇನೆ, ಒಳಗೆ ಅದು ಇಳಿಯುತ್ತದೆ.

ಶಿವರಾತ್ರಿಗೆ ಅವಳು ಮತ್ತೆ ಬರುತ್ತಾಳೆ. ನೀನೂ ಬಾ. ಬಸ್ಸಿನಿಂದ ಇಳಿದು ಯಾರನ್ನು ಕೇಳಿದರೂ ವೈಂಡಿಂಗ್ ಬೀರಣ್ಣನ ಮನೆ ತೋರಿಸುತ್ತಾರೆ. ಬಂದು ಕೂತು ಕೇಳು, ಹೇಗಿತ್ತು ಎಂದು ಅಲ್ಲೇ ನನಗೆ ಬರೆದು ಕೊಡು. ಚೆನ್ನಾಗಿತ್ತು ಎಂದಷ್ಟೇ ಬರೆದರೆ ನಾನು ನಂಬುವುದಿಲ್ಲ. ಒಂದೊಂದು ಒಂಬತ್ತೂ ಹೇಗೆ ಬಂತು ಎಂದು ಬರೆ.

— ಬೀರಣ್ಣ